ಗಾಜಿನ ನೂಲಿನ ಹಲಗೆ: ಹಳೇ ಆರ್‌ಸಿ ಕಾರುಗಳ ಬೆನ್ನೆಲುಬು

1/6
ನಿಮ್ಮ ಫೋನ್ ಒಳಗಿನ ಸರ್ಕ್ಯೂಟ್ ಬೋರ್ಡ್‌ಗೂ 1979ರ ಒಂದು ರಿಮೋಟ್ ಕಾರಿಗೂ ಏನು ಸಂಬಂಧ ಹೇಳಿ ನೋಡೋಣ? ಎರಡೂ ಒಂದೇ ಮನೆತನದವು! ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿ ಅನ್ನೋ ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಇಟ್ಟು, ಬಿಸಿಯಲ್ಲಿ ಒತ್ತಿದರೆ ಗಟ್ಟಿ ಹಲಗೆ ಸಿಗುತ್ತೆ. ಅದೇ ಫೈಬರ್‌ಗ್ಲಾಸ್. ಇವತ್ತು ಅದರ ಕಥೆ, ಜೊತೆಗೆ ಅದನ್ನು ಉಳಿಸಿಕೊಳ್ಳೋ ದಾರಿ.

2/6
ಗಾಜನ್ನು ನೂಲಾಗಿಸೋ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾಗಿದ್ದು 1930ರ ದಶಕದ ಅಮೆರಿಕದಲ್ಲಿ. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಕಂಪನಿ ಹುಟ್ಟಿತು. 1953ರಲ್ಲಿ ಷೆವರ್ಲೆ ಕಾರ್ವೆಟ್ ಫೈಬರ್‌ಗ್ಲಾಸ್ ಬಾಡಿಯೊಂದಿಗೆ ರಸ್ತೆಗಿಳಿಯಿತು. ದೊಡ್ಡ ಕಾರಿಗೆ ಅದು ಮೈಚರ್ಮ ಆಗಿತ್ತು. ಪುಟ್ಟ ಕಾರಿಗೆ ಬೆನ್ನೆಲುಬೇ ಆಯಿತು.

3/6
ಜಪಾನಿನ ಶಿಜುವೋಕಾದ ತಮಿಯಾ ಕಂಪನಿ 1979ರಲ್ಲಿ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಅನ್ನೋ 1/10 ಅಳತೆಯ ಬಗ್ಗಿಗಳನ್ನು ತಂದಿತು. ಸಸ್ಪೆನ್ಷನ್ ಲೋಹದ್ದು, ಕೆಳಗಿನ ಹಲಗೆ ಫೈಬರ್‌ಗ್ಲಾಸಿನದು. 1988ರ ಅವಾಂಟೆಯಲ್ಲಿ ಮೇಲೊಂದು, ಕೆಳಗೊಂದು, ಎರಡು ಹಲಗೆ!

ಈ ಹಲಗೆಯ ಗುಟ್ಟೇನು ಗೊತ್ತಾ? ಪ್ಲಾಸ್ಟಿಕ್ ಭಾಗ ಬೇಕಂದ್ರೆ ದುಬಾರಿ ಅಚ್ಚು ಬೇಕು. ಇದಕ್ಕೆ ಗರಗಸ, ಡ್ರಿಲ್ ಸಾಕು. ಹಾಗಾಗಿ ಆಡುವವನೇ ಬದಲಾಯಿಸಬಹುದಿತ್ತು. ಬ್ಯಾಟರಿ ಹಿಂದಕ್ಕೆ ಹೋಗಬೇಕಾ? ಇನ್ನೊಂದು ತೂತು ಕೊರೆ. ತೂಕ ಇಳಿಯಬೇಕಾ? ಅಂಚು ಕತ್ತರಿಸು. ಹಳೇ ಹಲಗೆ ಸಿಕ್ಕಾಗ ಕಂಪನಿ ಹಾಕದ ತೂತುಗಳನ್ನು ಹುಡುಕಿ ನೋಡಿ. ಅದು ಯಾವನೋ ಹುಡುಗ ತಲೆ ಓಡಿಸಿದ ಗುರುತು.

4/6
ಇದು ಹಾಳಾಗೋದು ಹೇಗೆ? ಕಬ್ಬಿಣದ ಥರ ತುಕ್ಕು ಹಿಡಿಯಲ್ಲ. ಆದರೆ ಕತ್ತರಿಸಿದ ಅಂಚಿನಲ್ಲಿ ನೂಲಿನ ತುದಿಗಳು ಬಾಯಿ ತೆರೆದುಕೊಂಡಿರುತ್ತವೆ. ಪೆಟ್ಟು ಬಿದ್ದಾಗ ಅಲ್ಲಿಂದಲೇ ಪದರ ಬಿಡುತ್ತೆ, ನೀರು, ಎಣ್ಣೆ ಒಳಗೆ ಇಳಿಯುತ್ತೆ. ಸ್ಕ್ರೂ ಸುತ್ತ ಬೆಳ್ಳಗಾಗಿದ್ಯಾ? ಅದು ಬರೀ ಕೊಳೆ ಅಲ್ಲದೇ ಇರಬಹುದು. ಒಳಗೆ ಅಂಟು ಬಿರುಕು ಬಿಟ್ಟಿದ್ದರೂ ಹಾಗೇ ಕಾಣುತ್ತೆ. ಬಿಸಿಲಿಗೆ ಎಪಾಕ್ಸಿ ಹಳದಿ ತಿರುಗಿದ್ದರೆ ಮೊದಲಿನ ಬಣ್ಣ ವಾಪಸ್ ಬರಲ್ಲ, ಒಪ್ಪಿಕೊಳ್ಳಿ.

5/6
ಈಗ ಕೆಲಸ 👇
• ಎಲ್ಲ ಭಾಗ ಬಿಚ್ಚಿ. ಮೊದಲು ಫೋಟೋ ತೆಗೆದಿಡಿ, ಯಾವ ಸ್ಕ್ರೂ ಎಲ್ಲಿತ್ತು ಅಂತ ಆಮೇಲೆ ನೆನಪಿರಲ್ಲ.
• ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು, ಹಳೇ ಟೂತ್‌ಬ್ರಷ್. ಮುಕ್ಕಾಲು ಕೊಳೆ ಇಲ್ಲೇ ಹೋಗುತ್ತೆ. ಅಂಟು, ಗ್ರೀಸ್ ಉಳಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ.
• ಪೂರ್ತಿ ಒಣಗಲಿ. ಅವಸರ ಬೇಡ.
• ಚದುರಿದ ಅಂಚನ್ನು 400, ಆಮೇಲೆ 600 ನಂಬರಿನ ವಾಟರ್ ಪೇಪರಿನಿಂದ, ನೀರು ಹಾಕಿಕೊಂಡೇ ಉಜ್ಜಿ. ಒಣಗಿದ್ದನ್ನು ಉಜ್ಜಿದರೆ ಗಾಜಿನ ಧೂಳು ಎದ್ದು ಕಣ್ಣು, ಗಂಟಲು, ಚರ್ಮ ಎಲ್ಲಾ ಉರಿಯುತ್ತೆ. ಎನ್95 ಮಾಸ್ಕ್, ಕನ್ನಡಕ, ನೈಟ್ರೈಲ್ ಗ್ಲೌಸ್ ಹಾಕದೆ ಮುಟ್ಟಲೇಬೇಡಿ.
• ಒಣಗಿದ ಅಂಚಿಗೆ ತೆಳು ಸೂಪರ್ ಗ್ಲೂ ಸವರಿ, ನೂಲಿನ ಬಾಯಿ ಮುಚ್ಚುತ್ತೆ. ಕಿಟಕಿ ತೆರೆದಿರಲಿ. ಹತ್ತಿ ಬಟ್ಟೆಗೆ ಸೂಪರ್ ಗ್ಲೂ ತಾಗಿದರೆ ಸುಡುವಷ್ಟು ಬಿಸಿಯಾಗುತ್ತೆ, ಹುಷಾರು.

ಮೇಲ್ಮೈಯನ್ನು ಮಾತ್ರ ಫಳಫಳ ಆಗ್ಲಿ ಅಂತ ಉಜ್ಜಬೇಡಿ. ಮೇಲಿನ ಅಂಟಿನ ಪದರ ಸವೆದರೆ ನೂಲೇ ಕತ್ತರಿಸಿಹೋಗುತ್ತೆ, ಹಲಗೆಯ ಶಕ್ತಿ ಇರೋದೇ ಆ ನೂಲಿನಲ್ಲಿ.

6/6
"ಹೊಸಾದು ಬಂದಿದೆಯಲ್ಲ, ತಗೊಂಡ್ರಾಯ್ತು" ಅಂತೀರಾ? ಹೌದು, ತಮಿಯಾ 2010ರಲ್ಲಿ ಸ್ಯಾಂಡ್ ಸ್ಕಾರ್ಚರ್, 2011ರಲ್ಲಿ ಅವಾಂಟೆಯನ್ನು ಮತ್ತೆ ತಯಾರಿಸಿತು. ಓಡಿಸೋಕೆ ಹೊಸ ಹಲಗೆಯೇ ಒಳ್ಳೇದು. ಪದರ ಬಿಟ್ಟ ಹಳೇದನ್ನು ಜಂಪ್ ಮಾಡಿಸಿದರೆ ಅದು ಮುರಿಯೋದೇ.

ಆದರೆ ಹಳೇದನ್ನು ಎಸೀಬೇಡಿ, ಅದರ ಹೆಚ್ಚುವರಿ ತೂತು ಮುಚ್ಚಿ ಬಣ್ಣ ಬಳಿಯಲೂಬೇಡಿ. ಕಂಪನಿ ಏನು ಮಾರಿತು ಅನ್ನೋದಕ್ಕೆ ಹಳೇ ಕ್ಯಾಟಲಾಗ್ ಇದೆ. ಕೊಂಡವನು ಅದನ್ನು ಏನು ಮಾಡಿಕೊಂಡ ಅನ್ನೋದಕ್ಕೆ ಎಷ್ಟೋ ಸಲ ಈ ಹಲಗೆ ಬಿಟ್ಟರೆ ಬೇರೆ ದಾಖಲೆಯೇ ಇರಲ್ಲ. ಕೊಳೆ ತೆಗೀರಿ, ಬಿರುಕು ನಿಲ್ಲಿಸಿ, ಗುರುತು ಉಳಿಸಿ.

ನಿಮ್ಮ ಮನೆ ಅಟ್ಟದಲ್ಲಿ ಹಳೇ ರಿಮೋಟ್ ಕಾರು ಇದ್ರೆ ತಿರುಗಿಸಿ ಹೊಟ್ಟೆಭಾಗದ ಫೋಟೋ ಕಳಿಸಿ. ಯಾವ ತೂತು ಕಂಪನಿದು, ಯಾವುದು ಅಲ್ಲ ಅಂತ ಒಟ್ಟಿಗೆ ಪತ್ತೆ ಹಚ್ಚೋಣ.

#ಹಳೇಕಾರು #ಆರ್‌ಸಿಇತಿಹಾಸ #ಕನ್ನಡದಲ್ಲಿ