ತೆಂಗಿನ ಸೀಮೆಯಲ್ಲಿ ಬಡವರ ಮನೆ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಸೀಮೆಯಲ್ಲಿ ಮನೆಯೆಂಬುದನ್ನು ಮನುಷ್ಯರಿಗಾಗಿ ಮಾತ್ರವಲ್ಲ, ಕೊಬ್ಬರಿಗಾಗಿಯೂ ಕಟ್ಟುತ್ತಿದ್ದರು. ಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಆರಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆ ಅಟ್ಟದ ಭಾರವನ್ನು ಹೊತ್ತುನಿಂತವು ಹಿರಿಯರ ದಪ್ಪನೆಯ ಮಣ್ಣಿನ ಗೋಡೆಗಳು. ಕಾಯಿ ಸುಲಿಯುವ ಕೂಲಿಯವನ ಗುಡಿಸಲಿಗೋ ಅಟ್ಟವಿರಲಿಲ್ಲ. ಸೋಗೆಯ ಸೂರು, ಮಳೆಗೆ ಕರಗುವ ಗೋಡೆ.

1970ರ ದಶಕದಲ್ಲಿ ದೇವರಾಜ ಅರಸು ಅವರ ಆಡಳಿತದಲ್ಲಿ ನಿವೇಶನಗಳೂ ಜನತಾ ಮನೆಗಳೂ ಬಡವರ ಪಾಲಿಗೆ ಬಂದವು. ಗೋಡೆಯನ್ನು ಯಾವುದರಿಂದ ಕಟ್ಟುವುದೆಂಬ ಪ್ರಶ್ನೆ ಮಾತ್ರ ಉಳಿಯಿತು. ಇಟ್ಟಿಗೆ ಸುಡಲು ಸೌದೆ ಬೇಕು, ಸಿಮೆಂಟಿಗೆ ಹಣ ಬೇಕು.

ಈ ಪ್ರಶ್ನೆಗೆ ತಮ್ಮ ವೃತ್ತಿಜೀವನವನ್ನೇ ಮುಡಿಪಿಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಕೆ. ಎಸ್. ಜಗದೀಶ್. ಆ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರು ಗ್ರಾಮಗಳಿಗೆ ವಿಜ್ಞಾನವನ್ನು ಒಯ್ಯಲೆಂದು ‘ಅಸ್ತ್ರ’ ಎಂಬ ಕಾರ್ಯಕ್ರಮವನ್ನು ಆರಂಭಿಸಿದ್ದರು. ಅದರ ಹಳ್ಳಿಯ ಕೇಂದ್ರ ನೆಲೆಗೊಂಡದ್ದು ನಮ್ಮ ಜಿಲ್ಲೆಯಲ್ಲೇ, ತುರುವೇಕೆರೆಗೆ ನೆರೆಯಾದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ವಿದ್ವಾಂಸರು ಹಳ್ಳಿಗೆ ಬಂದು ಉಪದೇಶಿಸಿ ಹೋಗುವುದು ಹೊಸತಲ್ಲ (ನಾವು ಗುರುಗಳೂ ಅದಕ್ಕೆ ಹೊರತಲ್ಲ). ಇವರು ಉಳಿದು ಕೆಲಸ ಮಾಡಿದರು.

ಅವರ ವಿಧಾನ ಸರಳ. ಸ್ಥಳದ ಮಣ್ಣನ್ನು ಜರಡಿ ಹಿಡಿದು, ಜೇಡಿ ಹೆಚ್ಚಿದ್ದರೆ ಮರಳು ಬೆರೆಸಿ, ನೂರು ಪಾಲಿಗೆ ಸುಮಾರು 6ರಿಂದ 8 ಪಾಲು ಸಿಮೆಂಟ್ ಸೇರಿಸಿ, ಹದವಾಗಿ ನೀರು ಚಿಮುಕಿಸುವುದು. ಬಳಿಕ ಕೈಯಂತ್ರದ ಸನ್ನೆಯನ್ನೆಳೆದು ಒತ್ತಿದರೆ ಅಚ್ಚುಕಟ್ಟಾದ ಇಟ್ಟಿಗೆ ಹೊರಬರುತ್ತದೆ. ಸುಡುವ ಹಂಗಿಲ್ಲ, ಮೂರು ವಾರ ತೇವ ಆರದಂತೆ ನೋಡಿಕೊಂಡರೆ ಸಾಕು. ಮಳೆಗೆ ಅದು ಕರಗದು. ಸಿಮೆಂಟಿಗೆ ಕೊಡಬೇಕಾದ ಹಣದಲ್ಲಿ ಬಹುಪಾಲು ಊರಿನ ಕೂಲಿಯಾಳುಗಳ ಕೈಗೇ ಸೇರುತ್ತದೆ. ಈ ಕೊನೆಯ ಲೆಕ್ಕವೇ ನಮಗೆ ಹೆಚ್ಚು ಮಹತ್ವದ್ದೆಂದು ತೋರುತ್ತದೆ.

ಆದರೂ ನಮ್ಮ ಸೀಮೆಯಲ್ಲಿ ಆ ಮನೆಗಳು ನಾವು ಬಯಸಿದಷ್ಟು ಹರಡಲಿಲ್ಲ. ಮಣ್ಣೆಂದರೆ ಕಚ್ಚಾ, ಸಿಮೆಂಟೆಂದರೆ ಪಕ್ಕಾ ಎಂದು ಕಾಗದಪತ್ರಗಳೂ ಜನರೂ ಒಂದೇ ಸ್ವರದಲ್ಲಿ ನುಡಿದರು. ತಲೆತಲಾಂತರ ಗುಡಿಸಲಿನಲ್ಲಿ ಬಾಳಿದವನಿಗೆ ಮತ್ತೆ ಮಣ್ಣಿನ ಗೋಡೆಯೆಂದರೆ ಅವಮಾನವೆನಿಸಿದ್ದು ಸಹಜ; ಅವನನ್ನು ದೂರಲಾರೆವು. ನಾವು ದೂರಬೇಕಾದದ್ದು ನಮ್ಮನ್ನೇ. ಬಹಳ ವರ್ಷಗಳ ಹಿಂದೆ ಕೆಲವು ಬಡ ಕುಟುಂಬಗಳು ಮನೆ ಕಟ್ಟುವ ಮುನ್ನ ನಮ್ಮ ಸಲಹೆ ಕೇಳಿದವು. ಉಂಗ್ರದ ಕೆಲಸವನ್ನು ಆಗಲೇ ಓದಿ ತಿಳಿದಿದ್ದರೂ, ನಾಲ್ವರ ಮಾತಿಗೆ ಅಂಜಿ, ಸಿಮೆಂಟಿನ ಗೋಡೆಗೂ ಶೀಟಿನ ಮಾಡಿಗೂ ಒಪ್ಪಿಗೆಯಿತ್ತೆವು. ಅಟ್ಟದ ಯೋಚನೆಯೂ ನಮಗೆ ಬರಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಮನೆಗಳನ್ನು ಸಂದರ್ಶಿಸಲು ಹೋದರೆ ಒಳಗೆ ಯಾರೂ ಸಿಗುವುದಿಲ್ಲ. ಮುದುಕರೂ ಮಕ್ಕಳೂ ಹೊರಗೆ ತೆಂಗಿನ ಮರದ ನೆರಳಿನಲ್ಲಿ ಚಾಪೆ ಹಾಸಿಕೊಂಡಿರುತ್ತಾರೆ.