ವಿಮಾನದ ಮೈಲುಗಳೂ ಬ್ರೌಸರಿನ ಟೂಲ್‌ಬಾರೂ: ಪಡೆಯುವುದೆಷ್ಟು, ಕೊಡುವುದೆಷ್ಟು?



ಅಮೆರಿಕದಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ ರಜೆಗೆ ಊರಿಗೆ ಬಂದಾಗ ಮನೆಯ ಕಂಪ್ಯೂಟರಿನಲ್ಲಿ ತಮ್ಮ ಖಾತೆ ತೆರೆದು ಕೆಲಸ ಮಾಡುವುದು ಸಾಮಾನ್ಯ. ಅವರು ಮರಳಿ ಹೋದ ಮೇಲೆ ಬ್ರೌಸರಿನ ಮೇಲ್ಭಾಗದಲ್ಲಿ ವಿಮಾನ ಕಂಪನಿಯ ಗುರುತುಳ್ಳ ಒಂದು ಚಿಕ್ಕ ಗುಂಡಿ ಹಾಗೆಯೇ ಉಳಿದಿರಬಹುದು. 'ಅದು ಮೈಲು ಸಿಗುವುದಕ್ಕೆ ಅಮ್ಮಾ, ಇರಲಿ' ಎಂದು ಅವರು ಹೇಳಿಯೂ ಹೋಗಿರಬಹುದು. ಈ ಗುಂಡಿ ಏನು, ಅದರಿಂದ ಮೈಲು ಹೇಗೆ ಸಿಗುತ್ತದೆ, ಅದಕ್ಕೆ ಪ್ರತಿಯಾಗಿ ನಾವು ಏನನ್ನು ಕೊಡುತ್ತೇವೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಮೈಲುಗಳ ಹಿನ್ನೆಲೆ

ಪದೇಪದೇ ಪ್ರಯಾಣ ಮಾಡುವವರನ್ನು ತಮ್ಮಲ್ಲೇ ಉಳಿಸಿಕೊಳ್ಳಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ 'ಅಡ್ವಾಂಟೇಜ್' ಎಂಬ ಯೋಜನೆಯನ್ನು ಆರಂಭಿಸಿತು. ಅದರ ಬೆನ್ನಿಗೇ ಯುನೈಟೆಡ್ ಏರ್‌ಲೈನ್ಸ್ 'ಮೈಲೇಜ್ ಪ್ಲಸ್' ಯೋಜನೆಯನ್ನು ತಂದಿತು. ಮೊದಲು ಹಾರಿದ ದೂರಕ್ಕೆ ತಕ್ಕಂತೆ ಮೈಲು ಸಿಗುತ್ತಿತ್ತು. ಕ್ರಮೇಣ ಕ್ರೆಡಿಟ್ ಕಾರ್ಡು, ಹೋಟೆಲು, ಬಾಡಿಗೆ ಕಾರು, ಕೊನೆಗೆ ಅಂತರ್ಜಾಲದ ಅಂಗಡಿಗಳೂ ಇದಕ್ಕೆ ಸೇರಿಕೊಂಡವು. ಹೀಗಾಗಿ ವಿಮಾನ ಹತ್ತದೆಯೂ ಮೈಲು ಕೂಡಿಸುವುದು ಸಾಧ್ಯವಾಯಿತು.

ಅಂತರ್ಜಾಲದ ಖರೀದಿಗೆ ಮೈಲು ಕೊಡಲು ವಿಮಾನ ಕಂಪನಿಗಳು ಪ್ರತ್ಯೇಕ ಖರೀದಿ ತಾಣಗಳನ್ನು ಇಟ್ಟುಕೊಂಡಿವೆ. ಅಮೆರಿಕದಲ್ಲಿ ಅಮೆರಿಕನ್, ಯುನೈಟೆಡ್, ಡೆಲ್ಟಾ, ಸೌತ್‌ವೆಸ್ಟ್, ಬ್ರಿಟನ್ನಿನಲ್ಲಿ ವರ್ಜಿನ್ ಅಟ್ಲಾಂಟಿಕ್, ಆಸ್ಟ್ರೇಲಿಯಾದಲ್ಲಿ ಕ್ವಾಂಟಾಸ್ ಮುಂತಾದವು ಇದಕ್ಕೆ ಉದಾಹರಣೆ. ಸದಸ್ಯರು ಮೊದಲು ಈ ತಾಣಕ್ಕೆ ಹೋಗಿ, ಅಲ್ಲಿಂದ ಅಂಗಡಿಯ ಜಾಲತಾಣಕ್ಕೆ ಹೋಗಿ ಖರೀದಿಸಬೇಕು. ಆದರೆ ಜನ ಇದನ್ನು ಮರೆಯುತ್ತಾರೆ, ನೇರವಾಗಿ ಅಂಗಡಿಯ ತಾಣಕ್ಕೇ ಹೋಗುತ್ತಾರೆ. 'ಈ ಅಂಗಡಿಯಲ್ಲಿ ಮೈಲು ಸಿಗುತ್ತದೆ, ಇಲ್ಲಿ ಒತ್ತಿ' ಎಂದು ನೆನಪಿಸುವುದಕ್ಕಾಗಿ ಬಂದದ್ದೇ ಟೂಲ್‌ಬಾರ್.

2000ದ ದಶಕದಲ್ಲಿ ಇದು ಬ್ರೌಸರಿನ ಮೇಲ್ಭಾಗದಲ್ಲಿ ಉದ್ದನೆಯ ಪಟ್ಟಿಯಾಗಿ ಕೂರುತ್ತಿತ್ತು. ಫೈರ್‌ಫಾಕ್ಸ್ 2017ರ ನವೆಂಬರಿನಲ್ಲಿ ಹಳೆಯ ಬಗೆಯ ಜೋಡಣೆಗಳನ್ನು ಕೈಬಿಟ್ಟಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಮೈಕ್ರೋಸಾಫ್ಟ್ 2022ರ ಜೂನಿನಲ್ಲಿ ವಿದಾಯ ಹೇಳಿತು. ಈಗ ಅದೇ ಕೆಲಸವನ್ನು 'ಎಕ್ಸ್‌ಟೆನ್ಷನ್' ಎಂಬ ಚಿಕ್ಕ ಗುಂಡಿ ಮಾಡುತ್ತದೆ. ಹೆಸರು ಬದಲಾಗಿದೆ, ಕೆಲಸ ಬದಲಾಗಿಲ್ಲ.

ಹಣ ಎಲ್ಲಿಂದ ಬರುತ್ತದೆ?

ಮೈಲು ಯಾರೂ ಧರ್ಮಕ್ಕೆ ಕೊಡುವುದಲ್ಲ. ಗಿರಾಕಿಯನ್ನು ಕಳಿಸಿಕೊಟ್ಟದ್ದಕ್ಕಾಗಿ ಅಂಗಡಿಯು ಖರೀದಿ ತಾಣಕ್ಕೆ ಕಮಿಷನ್ ಕೊಡುತ್ತದೆ. ತಾಣವು ಆ ಹಣದ ಒಂದು ಭಾಗದಿಂದ ವಿಮಾನ ಕಂಪನಿಯ ಮೈಲುಗಳನ್ನು ಕೊಂಡು ಸದಸ್ಯನ ಖಾತೆಗೆ ಹಾಕುತ್ತದೆ. ಗಿರಾಕಿ ಯಾರ ಮೂಲಕ ಬಂದ ಎಂಬುದನ್ನು ಗುರುತಿಸಲು ಕುಕೀ ಎಂಬ ಚಿಕ್ಕ ಗುರುತನ್ನು ಬ್ರೌಸರಿನಲ್ಲಿ ಇಡುತ್ತಾರೆ. ಸಾಮಾನ್ಯವಾಗಿ ಕೊನೆಯದಾಗಿ ಗುರುತು ಇಟ್ಟವರಿಗೇ ಕಮಿಷನ್ ಸಲ್ಲುತ್ತದೆ. ಆದ್ದರಿಂದ ಒಂದೇ ಬ್ರೌಸರಿನಲ್ಲಿ ಇಂತಹ ಎರಡು ಮೂರು ಗುಂಡಿಗಳಿದ್ದರೆ ಒಂದು ಇನ್ನೊಂದರ ಗುರುತನ್ನು ಅಳಿಸಿ, ಬರಬೇಕಾದ ಮೈಲು ಬಾರದೆ ಹೋಗುವುದೂ ಉಂಟು.

ಈ ಖರೀದಿ ತಾಣಗಳನ್ನು ಬಹುಪಾಲು ವಿಮಾನ ಕಂಪನಿಯೇ ನಡೆಸುವುದಿಲ್ಲ. ಅಮೆರಿಕದ ಹಲವು ಕಂಪನಿಗಳ ಪರವಾಗಿ ಇವುಗಳನ್ನು ನಡೆಸುವ ಕಾರ್ಟೆರಾ ಸಂಸ್ಥೆಯನ್ನು 2017ರಲ್ಲಿ ರಾಕುಟೆನ್ ಒಡೆತನದ ಈಬೇಟ್ಸ್ ಕೊಂಡುಕೊಂಡಿತು. ಗುಂಡಿಯ ಮೇಲೆ ಇರುವ ಹೆಸರು ಒಬ್ಬರದು, ಹಿಂದೆ ಇರುವವರು ಇನ್ನೊಬ್ಬರು ಎಂಬುದು ಗಮನದಲ್ಲಿರಲಿ.

ಲಾಭ ಎಷ್ಟು? ಒಂದು ಅಂಗಡಿಯಲ್ಲಿ ಪ್ರತಿ ಡಾಲರಿಗೆ 3 ಮೈಲು ಎಂದಿಟ್ಟುಕೊಳ್ಳೋಣ. 100 ಡಾಲರಿನ ಖರೀದಿಗೆ 300 ಮೈಲು. ಒಂದು ಟಿಕೆಟಿಗೆ 10,000 ಮೈಲು ಬೇಕಾದರೆ 3,300 ಡಾಲರಿಗೂ ಹೆಚ್ಚು ಖರೀದಿ ಆಗಬೇಕು. ಹೇಗೂ ಕೊಳ್ಳಲೇಬೇಕಾದ ವಸ್ತುವಿಗೆ ಇದು ಒಳ್ಳೆಯದೇ. ಮೈಲಿಗಾಗಿ ಕೊಳ್ಳಹೊರಟರೆ ನಷ್ಟವೇ ಸರಿ.

ಗುಂಡಿ ಏನನ್ನು ನೋಡುತ್ತದೆ?

ನಾವು ಅಂಗಡಿಯ ತಾಣಕ್ಕೆ ಹೋದದ್ದು ಗುಂಡಿಗೆ ತಿಳಿಯಬೇಕಾದರೆ, ನಾವು ಹೋಗುವ ಪ್ರತಿಯೊಂದು ತಾಣದ ವಿಳಾಸವನ್ನೂ ಅದು ನೋಡಲೇಬೇಕು. ಆದ್ದರಿಂದಲೇ ಅಳವಡಿಸುವಾಗ 'ಎಲ್ಲ ಜಾಲತಾಣಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಾಯಿಸಲು' ಎಂಬ ಅರ್ಥದ ಅನುಮತಿಯನ್ನು ಕ್ರೋಮ್ ಕೇಳುತ್ತದೆ. ಬ್ಯಾಂಕಿನ ಪುಟ, ಇಮೇಲ್, ಆಸ್ಪತ್ರೆಯ ವರದಿ ಎಲ್ಲವೂ ಈ 'ಎಲ್ಲ' ಎಂಬ ಮಾತಿನೊಳಗೆ ಬರುತ್ತವೆ.

ಇಂತಹ ಗುಂಡಿಗಳೆಲ್ಲವೂ ನೋಡಿದ್ದನ್ನೆಲ್ಲ ಹೊರಗೆ ಸಾಗಿಸುತ್ತವೆ ಎಂದು ನಾವು ಹೇಳುತ್ತಿಲ್ಲ. ಅಂಗಡಿಗಳ ಪಟ್ಟಿಯನ್ನು ನಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಹೋಲಿಸಿ ನೋಡುವ ವಿಧಾನವೂ ಇದೆ. ಪ್ರತಿ ವಿಳಾಸವನ್ನೂ ತಮ್ಮ ಸರ್ವರಿಗೆ ಕಳಿಸುವ ವಿಧಾನವೂ ಇದೆ. ಹೊರಗಿನಿಂದ ನೋಡುವ ಸಾಮಾನ್ಯ ಬಳಕೆದಾರನಿಗೆ ಎರಡೂ ಒಂದೇ ತರಹ ಕಾಣುತ್ತವೆ. ಮೇಲಾಗಿ ಮೈಲಿನ ಖಾತೆಯಲ್ಲಿ ಹೆಸರು, ಹುಟ್ಟಿದ ದಿನಾಂಕ, ಫೋನು, ಪ್ರಯಾಣದ ವಿವರ ಇರುತ್ತವೆ. ಆ ಖಾತೆಯ ಮೂಲಕ ಒಳಗೆ ಬಂದವನ ಬ್ರೌಸಿಂಗ್ ಹೆಸರಿಲ್ಲದ ಬ್ರೌಸಿಂಗ್ ಅಲ್ಲ.

ನಡೆದ ಮೂರು ಪ್ರಕರಣಗಳು

ಮೂರೂ ಪ್ರಕರಣಗಳು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೈಗೆತ್ತಿಕೊಂಡವು. ಇವು ವಿಮಾನ ಕಂಪನಿಗಳಿಗೆ ಸಂಬಂಧಿಸಿದವಲ್ಲ, ಆದರೆ ಉಪಕರಣ ಇದೇ ಬಗೆಯದು.

1. ಸಿಯರ್ಸ್, 2009: ಈ ಅಂಗಡಿ ಸಂಸ್ಥೆ ತನ್ನ ತಂತ್ರಾಂಶವನ್ನು ಅಳವಡಿಸಿಕೊಂಡವರಿಗೆ 10 ಡಾಲರ್ ಕೊಡುತ್ತಿತ್ತು. ಆ ತಂತ್ರಾಂಶ ಬ್ಯಾಂಕ್ ಲೆಕ್ಕ, ಔಷಧಿಯ ದಾಖಲೆ, ಗ್ರಂಥಾಲಯದಿಂದ ಪಡೆದ ಪುಸ್ತಕಗಳ ವಿವರ ಇವುಗಳನ್ನೂ ಗಮನಿಸುತ್ತಿತ್ತು ಎಂದು ಕಮಿಷನ್ ಆರೋಪಿಸಿತು. ಪೂರ್ತಿ ವಿವರ ಉದ್ದನೆಯ ಕರಾರುಪತ್ರದೊಳಗೆ ಹುದುಗಿತ್ತು.

2. ಅಪ್‌ಪ್ರಾಮಿಸ್, 2012: ಮಕ್ಕಳ ಕಾಲೇಜು ಖರ್ಚಿಗೆ ಹಣ ಕೂಡಿಸುವ ಯೋಜನೆ ಇದು. ಇದರ ಟೂಲ್‌ಬಾರಿನ ಒಂದು ಸೌಲಭ್ಯವನ್ನು ಆನ್ ಮಾಡಿದವರ ಪಾಸ್‌ವರ್ಡ್, ಹುಡುಕಿದ ಪದಗಳು, ಕೆಲವೊಮ್ಮೆ ಕ್ರೆಡಿಟ್ ಕಾರ್ಡ್ ಸಂಖ್ಯೆಯೂ ಗೂಢಲಿಪಿಯಿಲ್ಲದೆ ಬಯಲಾಗಿ ರವಾನೆಯಾಗುತ್ತಿದ್ದವು ಎಂಬುದು ಆರೋಪ. ಗುಪ್ತ ಸಂಖ್ಯೆಗಳನ್ನು ತಡೆಯಲು ಒಂದು ಜರಡಿ ಇತ್ತು. ಆದರೆ ಪುಟದಲ್ಲಿ ಆ ಜಾಗಕ್ಕೆ 'ಪಿನ್' ಎಂದು ಹೆಸರಿದ್ದರೆ ಮಾತ್ರ ಅದು ತಡೆಯುತ್ತಿತ್ತು, 'ಸೆಕ್ಯುರಿಟಿ ಕೋಡ್' ಎಂದಿದ್ದರೆ ಬಿಟ್ಟುಬಿಡುತ್ತಿತ್ತು. ಆಗಿನ ಆದೇಶವನ್ನು ಸರಿಯಾಗಿ ಪಾಲಿಸಲಿಲ್ಲವೆಂಬ ದೂರಿನ ಮೇಲೆ 2017ರಲ್ಲಿ ಸಂಸ್ಥೆ 5 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ಮಕ್ಕಳ ಭವಿಷ್ಯಕ್ಕೆಂದು ನಾಲ್ಕು ಕಾಸು ಕೂಡಿಸಹೊರಟ ತಂದೆತಾಯಿಗಳು ತಮ್ಮ ಗುಟ್ಟನ್ನು ತಾವೇ ಬಿಟ್ಟುಕೊಟ್ಟಂತಾಗಿತ್ತು.

3. ಅವಾಸ್ಟ್, 2024: ಕಂಪ್ಯೂಟರನ್ನು ಕಾಯುತ್ತೇವೆ ಎಂದ ಸಂಸ್ಥೆಯೇ ಎಕ್ಸ್‌ಟೆನ್ಷನ್ ಮುಂತಾದವುಗಳ ಮೂಲಕ ಜನರ ಬ್ರೌಸಿಂಗ್ ವಿವರ ಸಂಗ್ರಹಿಸಿ, ತನ್ನ ಅಂಗಸಂಸ್ಥೆ ಜಂಪ್‌ಶಾಟ್ ಮೂಲಕ ಮಾರಿತು ಎಂಬ ಪ್ರಕರಣ. ಒಬ್ಬರ ಧಾರ್ಮಿಕ ನಂಬಿಕೆ, ಆರೋಗ್ಯದ ಚಿಂತೆ, ಆರ್ಥಿಕ ಸ್ಥಿತಿ ಇವನ್ನು ಆ ವಿವರಗಳಿಂದ ಊಹಿಸಬಹುದಿತ್ತು ಎಂದು ಕಮಿಷನ್ ಹೇಳಿತು. ಸಂಸ್ಥೆ 1.65 ಕೋಟಿ ಡಾಲರ್ ಕೊಡಬೇಕಾಯಿತು.

ಗುಂಡಿಯಿಲ್ಲದೆ ಮೈಲು ಸಿಗುವುದಿಲ್ಲವೇ?

ಸಿಗುತ್ತದೆ. ಇದೇ ಈ ಲೇಖನದ ಮುಖ್ಯ ವಿಷಯ. ಖರೀದಿ ತಾಣಕ್ಕೆ ನಾವೇ ಹೋಗಿ, ಖಾತೆ ತೆರೆದು, ಅಂಗಡಿಯ ಹೆಸರು ಒತ್ತಿ ಖರೀದಿಸಿದರೆ ಸಾಮಾನ್ಯವಾಗಿ ಅಷ್ಟೇ ಮೈಲು ಬರುತ್ತದೆ. ಗುಂಡಿಯನ್ನು ಮೊದಲ ಬಾರಿ ಅಳವಡಿಸಿದವರಿಗೆ ಆಗಾಗ ಸ್ವಲ್ಪ ಹೆಚ್ಚುವರಿ ಮೈಲು ಕೊಡುವುದುಂಟು. ಅದನ್ನು ಬಿಟ್ಟರೆ ಗುಂಡಿ ಮಾಡುವುದು ನೆನಪಿಸುವ ಕೆಲಸವನ್ನು ಮಾತ್ರ. ಬರಿಯ ಒಂದು ನೆನಪಿಗಾಗಿ ಮನೆಯ ಎಲ್ಲ ಕೋಣೆಗಳ ಬೀಗದ ಕೈ ಕೊಡಬೇಕೇ ಎಂಬುದನ್ನು ಪ್ರತಿಯೊಬ್ಬರೂ ಯೋಚಿಸಬೇಕು.

ಪಾಲಿಸಬಹುದಾದ ಕ್ರಮಗಳು

* ಆದಷ್ಟು ಖರೀದಿ ತಾಣಕ್ಕೆ ನೇರವಾಗಿ ಹೋಗಿ. ಕೊಳ್ಳುವ ಮುನ್ನ ನೆನಪಾಗಲೆಂದು ಅದರ ವಿಳಾಸವನ್ನು ಬ್ರೌಸರಿನಲ್ಲಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ.

* ಗುಂಡಿ ಬೇಕೇ ಬೇಕು ಎನ್ನುವವರು ಖರೀದಿಗೆಂದೇ ಬೇರೊಂದು ಬ್ರೌಸರ್ ಇಟ್ಟುಕೊಳ್ಳಿ. ಬ್ಯಾಂಕ್ ಮತ್ತು ಇಮೇಲ್ ಅದರಲ್ಲಿ ತೆರೆಯಬೇಡಿ.

* ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್‌ನ ವಿವರಗಳಿಗೆ ಹೋಗಿ, 'ಎಲ್ಲ ತಾಣಗಳಲ್ಲಿ' ಎಂಬುದನ್ನು 'ಒತ್ತಿದಾಗ ಮಾತ್ರ' ಎಂದು ಬದಲಾಯಿಸಬಹುದು. ಆಗ ಅದು ತಾನಾಗಿ ನೆನಪಿಸುವುದಿಲ್ಲ, ಆದರೆ ಇಣುಕುವುದೂ ಇಲ್ಲ.

* ಬೇರೆಯವರು ತಮ್ಮ ಖಾತೆಯಿಂದ 'ಸಿಂಕ್' ಮಾಡಿದಾಗ ಅವರ ಎಕ್ಸ್‌ಟೆನ್ಷನ್‌ಗಳೂ ಆ ಬ್ರೌಸರಿಗೆ ಬರುತ್ತವೆ. ಅತಿಥಿಗಳಿಗೆ ಪ್ರತ್ಯೇಕ ಪ್ರೊಫೈಲ್ ಮಾಡಿಕೊಡಿ.

* ಚರ್ಚ್ ಕಚೇರಿಯ ಕಂಪ್ಯೂಟರಿನಲ್ಲಿ ಇಂತಹ ಗುಂಡಿ ಬೇಡವೇ ಬೇಡ. ಅಲ್ಲಿ ಜ್ಞಾನಸ್ನಾನ, ವಿವಾಹಗಳ ದಾಖಲೆ, ಕುಟುಂಬಗಳ ಫೋನು, ಸಹಾಯ ಕೋರಿ ಬಂದವರ ಪತ್ರಗಳು ಇರುತ್ತವೆ. ಅವು ನಮ್ಮವಲ್ಲ, ನಮ್ಮನ್ನು ನಂಬಿ ಕೊಟ್ಟವು.

ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕಾರವಾಯಿತು. ಒಪ್ಪಿಗೆ ಸ್ವಇಚ್ಛೆಯಿಂದ, ವಿಷಯ ತಿಳಿದು, ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದಾಗಿರಬೇಕು ಎಂಬುದೂ, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು ಎಂಬುದೂ ಅದರ ತತ್ವ. ಆದರೆ 'ಒಪ್ಪಿದ್ದೇನೆ' ಎಂದು ಒತ್ತುವ ಬೆರಳು ನಮ್ಮದೇ. ಆ ಬೆರಳನ್ನು ಕಾನೂನು ಹಿಡಿದು ನಿಲ್ಲಿಸದು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಮೈಲು ಇಂದಲ್ಲ ನಾಳೆ ಕೂಡಿಸಿಕೊಳ್ಳಬಹುದು. ಹೊರಗೆ ಹೋದ ಮನೆಯ ವಿಷಯವನ್ನು ಮರಳಿ ತರಲಾಗದು. ಮುಂದಿನ ಬಾರಿ ಮಕ್ಕಳು ಊರಿಗೆ ಬಂದಾಗ ಅವರೊಡನೆ ಕುಳಿತು ಬ್ರೌಸರಿನ ಗುಂಡಿಗಳನ್ನು ಒಂದೊಂದಾಗಿ ನೋಡೋಣ. ಯಾವುದು ಯಾಕಿದೆ ಎಂದು ಕೇಳೋಣ. ಉತ್ತರ ತಿಳಿಯದ್ದನ್ನು ತೆಗೆದುಹಾಕೋಣ.