ಮಣ್ಣಿನ ಗಿಲಾವು ಹೇಳುವ ಪಾಠ

ಪುಣೆಯಿಂದ ಲೋಣಾವಳಾ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದರೆ ಒಂದು ಕಡೆ ಭಾಜಾ, ಇನ್ನೊಂದು ಕಡೆ ಕಾರ್ಲಾ ಗುಹೆಗಳು. ಕಾರ್ಲಾದ ಮಹಾಚೈತ್ಯವನ್ನು ಪೂರೈಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿಯ ಶಾಸನ ಸಾರುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೇ ಎಂಬುದು ವಿದ್ವಾಂಸರ ಮತ. ಎಂದಮೇಲೆ ಕನ್ನಡ ನೆಲದಿಂದ ಈ ಸೀಮೆಗೆ ಬಂದವರಲ್ಲಿ ನಾವೇನೂ ಮೊದಲಿಗರಲ್ಲ!

ಇಂಥ ಗುಹೆಗಳ ಒರಟು ಕರಿಗಲ್ಲಿನ ಮೇಲೆ ಚಿತ್ರ ಬಿಡಿಸುವುದು ಸುಲಭವಲ್ಲ. ಅಜಂತಾದ ಕುಶಲಿಗಳು ಮಣ್ಣಿಗೆ ಬತ್ತದ ಹೊಟ್ಟು, ಹುಲ್ಲು, ನಾರು ಕಲಸಿ ಗೋಡೆಗೆ ಮೆತ್ತಿ, ಮೇಲೆ ತೆಳುವಾದ ಬಿಳಿಯ ಲೇಪ ಕೊಟ್ಟು, ಅದರ ಮೇಲೆ ಬಣ್ಣ ಹಚ್ಚಿದರು. ಬರಿಯ ಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ನಾರು ಅದನ್ನು ಹಿಡಿದಿಡುತ್ತದೆ. ನಮ್ಮ ಅಜ್ಜಿಯರು ಗೋಡೆಯ ಮಣ್ಣಿಗೆ ಹೊಟ್ಟು, ಸಗಣಿ ಬೆರೆಸುತ್ತಿದ್ದುದೂ ಇದಕ್ಕಾಗಿಯೇ. ಆದರೆ ಹೊಟ್ಟು ಹುಳುಗಳಿಗೆ ಆಹಾರ. ಅಜಂತಾದ ಎಷ್ಟೋ ಚಿತ್ರಗಳು ಹೀಗೆ ಒಳಗಿನಿಂದಲೇ ಪೊಳ್ಳಾದವು.

ಮನುಷ್ಯನ ಸದುದ್ದೇಶವೂ ಕೇಡು ಮಾಡಬಲ್ಲದು. 1920ರ ಸುಮಾರಿಗೆ ನಿಜಾಮ್ ಸರ್ಕಾರ ಇಟಲಿಯಿಂದ ಚೆಕ್ಕೋನಿ, ಓರ್ಸಿನಿ ಎಂಬ ತಜ್ಞರನ್ನು ಕರೆಸಿತು. ಉದುರುತ್ತಿದ್ದ ಗಿಲಾವನ್ನು ಅವರು ಶ್ರದ್ಧೆಯಿಂದಲೇ ನಿಲ್ಲಿಸಿದರು. ಆದರೆ ಚಿತ್ರಗಳ ರಕ್ಷಣೆಗೆಂದು ಬಳಿದ ಅರಗಿನ ವಾರ್ನಿಷು ಕಾಲಕ್ರಮದಲ್ಲಿ ಹಳದಿಗಟ್ಟಿ, ಧೂಳು ಹಿಡಿದು, ಬಣ್ಣಗಳನ್ನೇ ಮರೆಮಾಡಿತು. ಮುಂದಿನವರಿಗೆ ಅದನ್ನು ತೆಗೆಯುವುದೇ ದೊಡ್ಡ ಕೆಲಸವಾಯಿತು.

ಆದ್ದರಿಂದ ಇಂದು ದುರಸ್ತಿಗೆ ಮೊದಲು ಪರೀಕ್ಷೆ. ಉದುರಿದ ಚಿಟಿಕೆ ಗಿಲಾವು ಸಾಕು. ಮರಳೆಷ್ಟು, ಜೇಡಿಯೆಷ್ಟು ಎಂದು ಬೇರ್ಪಡಿಸಿ ತೂಗುತ್ತಾರೆ. ಕ್ಷ-ಕಿರಣದಿಂದ ಖನಿಜಗಳನ್ನೂ ಸೂಕ್ಷ್ಮದರ್ಶಕದಿಂದ ನಾರನ್ನೂ ಗುರುತಿಸುತ್ತಾರೆ. ಹೊಸ ಮಣ್ಣು ಹಳೆಯದಕ್ಕಿಂತ ಹೆಚ್ಚು ಹಿಗ್ಗಿ ಕುಗ್ಗಿದರೆ ಅಂಚಿನಲ್ಲಿ ಬಿರುಕು ಖಂಡಿತ.

ಹೀಗೆ ಪರೀಕ್ಷಿಸುತ್ತಲೇ ಎಲ್ಲೋರಾದಲ್ಲೊಂದು ಸೋಜಿಗ ಕಂಡಿತು. ನಮ್ಮ ರಾಷ್ಟ್ರಕೂಟರ ಕೃಷ್ಣನು ಕೈಲಾಸ ಕಡೆಸಿದ ಎಲ್ಲೋರಾ ಅದು. ಅಲ್ಲಿಯ ಗಿಲಾವಿನಲ್ಲಿ ಭಂಗಿ, ಎಂದರೆ ಗಾಂಜಾ ಗಿಡದ ನಾರು ಬೆರೆತಿದೆಯೆಂದು ರಾಜದೇವ ಸಿಂಗ್ ಮತ್ತು ಸರದೇಸಾಯಿ ಅವರು 2016ರಲ್ಲಿ ಪ್ರಕಟಿಸಿದರು. ಹುಳುಗಳು ದೂರ ಉಳಿಯಲು, ತೇವ ಹದದಲ್ಲಿರಲು ಅದೇ ಕಾರಣವಿರಬೇಕೆಂದು ಅವರ ಅಭಿಪ್ರಾಯ. ಅಜಂತಾದ ಗಿಲಾವಿನಲ್ಲಿ ಅದು ಅವರಿಗೆ ಕಾಣಲಿಲ್ಲ.

ವಿಜ್ಞಾನ ಓದಿಯೂ ನಾವು ಊರಿನ ಮನೆಯ ಮಣ್ಣಿನ ಗೋಡೆಗೆ ಸಿಮೆಂಟು ಬಳಿಸಿದೆವು. ಎರಡೇ ಮಳೆಗಾಲ. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಸಿಮೆಂಟು ಅಜ್ಜ ಮೆತ್ತಿದ ಮಣ್ಣನ್ನೂ ಹೊತ್ತುಕೊಂಡೇ ಕಳಚಿತು. ಹಳೆಯದನ್ನು ಉಳಿಸಹೊರಡುವವನು ಮೊದಲು ಅದರ ಗುಣವನ್ನು ಅರಿಯಬೇಕು. ಗೋಡೆಗೆ ಹೇಳಿದ ಈ ಮಾತು, ಊರು ಬಿಟ್ಟು ಬಂದು ಮಕ್ಕಳಲ್ಲಿ ಕನ್ನಡ ಉಳಿಸಹೊರಟ ನಮಗೂ ಸಲ್ಲುತ್ತದೆ.